ತಟ್ಟೆ ಸಣ್ಣದು, ಗುಂಡು ದೊಡ್ಡದು: ಭುಜ ನಿಂತಿರುವ ಬಗೆ

ಕುತ್ತಿಗೆಯ ಬುಡದಲ್ಲಿ, ಎದೆಯ ನಡುವಿನ ಎಲುಬಿನ ಮೇಲ್ತುದಿಗೆ ಒಂದು ಸಣ್ಣ ತಗ್ಗು ಇದೆ. ಅದರಲ್ಲಿ ಬೆರಳಿಟ್ಟು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಗಟ್ಟಿಯಾದ ಉಬ್ಬು ಸಿಗುತ್ತದೆ. ಬೆರಳು ಅಲ್ಲೇ ಇರಲಿ, ಅದೇ ಬದಿಯ ಕೈಯನ್ನು ಮೇಲೆತ್ತಿ ನೋಡಿ. ಉಬ್ಬು ಹೊರಳುವುದು ತಿಳಿಯುತ್ತದೆ. ಒಂದೊಂದು ಕೈಯಲ್ಲಿ, ಭುಜದಿಂದ ಬೆರಳ ತುದಿಯವರೆಗೆ, 32 ಎಲುಬುಗಳಿವೆ. ಇವಿಷ್ಟೂ ಸೇರಿ ಮೈಯ ಎಲುಬುಗೂಡಿಗೆ ಕೀಲಿನ ಮೂಲಕ ಕೂಡಿಕೊಂಡಿರುವುದು ಈ ಒಂದೇ ಜಾಗದಲ್ಲಿ. ಉಳಿದದ್ದೆಲ್ಲ ಮಾಂಸಖಂಡಗಳ ಹಿಡಿತ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ 75 ಕೆ.ಜಿ. ಭತ್ತದ ಚೀಲ ಹೊರುವ ಹಮಾಲರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ರಾಯಚೂರು ಸೀಮೆಯ ಹತ್ತಿ ಹೊಲದಲ್ಲಿ ಎಣ್ಣೆ (ಕೀಟನಾಶಕ) ಹೊಡೆಯುವವರು, ಇವರ ನೋವು ಮೇಲ್ನೋಟಕ್ಕೆ ಬೇರೆ ಬೇರೆ. ಆದರೆ ಬಹುಪಾಲು ನೋವಿನ ಬೇರು ಒಂದೇ: ಭುಜವನ್ನು ಹಿಡಿದಿರುವುದು ಎಲುಬಿನ ಕೂಡಿಕೆಯಲ್ಲ, ಖಂಡಗಳು. ಖಂಡ ದಣಿದರೆ, ಸವೆದರೆ, ಅದರ ನರ ಕೆಟ್ಟರೆ ಎಲುಬು ಗಟ್ಟಿಯಿದ್ದೂ ಭುಜ ಕೈಕೊಡುತ್ತದೆ. ಎಕ್ಸ್‌ರೇ ತೆಗೆಸಿ "ಎಲುಬಿಗೇನೂ ಆಗಿಲ್ಲ" ಎಂದು ಕೇಳಿ ಬಂದವರು ತಿಂಗಳುಗಟ್ಟಲೆ ನರಳುವುದು ಇದಕ್ಕೇ. ಸಾದಾ ಎಕ್ಸ್‌ರೇಯಲ್ಲಿ ಖಂಡ ಹರಿದದ್ದು ಕಾಣುವುದಿಲ್ಲ.

ಮೂರು ಎಲುಬು

ಮುಂದೆ ಕೊರಳೆಲುಬು, ಅಂದರೆ ಕಾಲರ್ ಬೋನ್. ಹಿಂದೆ ರೆಕ್ಕೆ ಎಲುಬು. ಕೆಳಗೆ ತೋಳಿನ ಎಲುಬು, ನಮ್ಮ ಕಡೆ ರಟ್ಟೆ ಅನ್ನುತ್ತೇವಲ್ಲ ಆ ಭಾಗದ್ದು.

ಕೊರಳೆಲುಬಿನ ಕೆಲಸ ಭುಜವನ್ನು ಎದೆಯಿಂದ ದೂರ ಇಡುವುದು. ಅದು ಮುರಿದರೆ ಭುಜ ಕೆಳಗೆ ಜೋತು ಒಳಕ್ಕೆ ಕುಸಿಯುತ್ತದೆ. ಬೈಕಿನಿಂದ ಭುಜದ ಮೇಲೆ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವುದು ಇದೇ ಎಲುಬು, ಅದೂ ಹೆಚ್ಚಿನಂಶ ನಡುಭಾಗದಲ್ಲಿ. ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಎಲುಬಾಗಲು ತೊಡಗುವುದು ಇದು. ಪೂರ್ತಿ ಬೆಳೆದು ಮುಗಿಯುವುದು ಮಾತ್ರ 25ರ ಆಸುಪಾಸಿನಲ್ಲಿ.

ರೆಕ್ಕೆ ಎಲುಬು ಮುಕ್ಕೋನದ ತೆಳು ಹಲಗೆ. ಬೆನ್ನಿನ ಮೇಲೆ ಎರಡನೆಯ ಪಕ್ಕೆಲುಬಿನಿಂದ ಏಳನೆಯದರವರೆಗೆ ಹರಡಿದೆ. ಪಕ್ಕೆಲುಬಿಗೂ ಇದಕ್ಕೂ ನಡುವೆ ನಿಜವಾದ ಕೀಲಿಲ್ಲ, ಖಂಡಗಳ ಹಾಸಿನ ಮೇಲೆ ಜಾರುತ್ತದೆ, ಅಷ್ಟೆ. ಇದಕ್ಕೆ ಅಂಟಿದ ಖಂಡಗಳು 17. ಇದರ ಹಿಂಬದಿಯಲ್ಲಿ ಅಡ್ಡಲಾಗಿ ಓಡುವ ಏಣು ಕೈಗೆ ಸಿಗುತ್ತದೆ. ಅದನ್ನೇ ಹಿಡಿದು ಹೊರಗೆ ಬಂದರೆ ಭುಜದ ನೆತ್ತಿಯಲ್ಲಿ ಚಪ್ಪಟೆಯಾದ ಚಾಚು ಮುಟ್ಟುತ್ತದೆ. ಅಕ್ರೋಮಿಯನ್ ಎಂಬ ಈ ಚಾಚನ್ನು ನೆನಪಿಡಿ. ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ. ಚೀಲವನ್ನು ಹೆಗಲಿಗೇರಿಸಿದಾಗ ಅದು ಕೂರುವುದು ಕುತ್ತಿಗೆಗೂ ಈ ಚಾಚಿಗೂ ನಡುವಿನ ಟ್ರೆಪೀಜಿಯಸ್ ಖಂಡದ ಮೇಲೆ. ವರ್ಷಗಟ್ಟಲೆ ಹೊತ್ತವರ ಹೆಗಲಲ್ಲಿ ಚರ್ಮ ದಪ್ಪಗಟ್ಟಿರುವುದೂ ಅಲ್ಲೇ.

ಸಾಸರಿನ ಮೇಲೆ ಮೋಸಂಬಿ

ರೆಕ್ಕೆ ಎಲುಬಿನ ಹೊರ ಮೂಲೆಯಲ್ಲಿ ಒಂದು ಆಳವಿಲ್ಲದ ಬಟ್ಟಲಿದೆ. ತೋಳಿನ ಎಲುಬಿನ ಗುಂಡು ತಲೆ ಅದಕ್ಕೆ ಒರಗಿಕೊಳ್ಳುತ್ತದೆ. ಸೊಂಟದಲ್ಲಿ ತೊಡೆಯೆಲುಬಿನ ಗುಂಡು ಆಳವಾದ ಗುಂಡಿಯೊಳಗೆ ಹೂತಿರುತ್ತದೆ. ಭುಜದಲ್ಲಿ ಹಾಗಿಲ್ಲ, ಚಹಾದ ಸಾಸರನ್ನು ಅಡ್ಡ ನಿಲ್ಲಿಸಿ ಅದಕ್ಕೆ ಮೋಸಂಬಿ ಒತ್ತಿ ಹಿಡಿದ ಹಾಗೆ. ಯಾವ ಭಂಗಿಯಲ್ಲೇ ಆಗಲಿ, ಗುಂಡಿನ ಮೂರರಲ್ಲೊಂದು ಭಾಗ ಮಾತ್ರ ಬಟ್ಟಲಿಗೆ ತಾಗಿರುತ್ತದೆ. ಬಟ್ಟಲಿನ ಸುತ್ತ ಲೇಬ್ರಮ್ ಎಂಬ ಮೆತ್ತನೆಯ ಅಂಚು ಇದ್ದು, ಆಳ ಸ್ವಲ್ಪ ಹೆಚ್ಚಿಸುತ್ತದೆ. ಸುತ್ತಲಿನ ಪೊರೆ ಸಡಿಲ. ಸಡಿಲ ಇರಲೇಬೇಕು, ಇಲ್ಲದಿದ್ದರೆ ಬೆನ್ನು ತುರಿಸಿಕೊಳ್ಳಲೂ ಆಗದು.

ಹಾಗಾದರೆ ಗುಂಡನ್ನು ಬಟ್ಟಲಿಗೆ ಒತ್ತಿ ಹಿಡಿದವರು ಯಾರು? ನಾಲ್ಕು ಖಂಡಗಳು. ನಾಲ್ಕೂ ರೆಕ್ಕೆ ಎಲುಬಿನಲ್ಲಿ ಹುಟ್ಟಿ, ಚಪ್ಪಟೆ ಸ್ನಾಯುರಜ್ಜುಗಳಾಗಿ (ಖಂಡವನ್ನು ಎಲುಬಿಗೆ ಕಟ್ಟುವ ಗಟ್ಟಿ ಪಟ್ಟಿಗಳು) ಗುಂಡನ್ನು ಮೇಲೆ, ಹಿಂದೆ, ಮುಂದೆ ತಬ್ಬುತ್ತವೆ. ಏಣಿನ ಮೇಲ್ಗಡೆಯಿಂದ ಬರುವುದು ಸುಪ್ರಾಸ್ಪೈನೇಟಸ್, ಕೆಳಗಡೆಯಿಂದ ಇನ್‌ಫ್ರಾಸ್ಪೈನೇಟಸ್, ಅದರ ಕೆಳಗೆ ಪುಟ್ಟ ಟೆರೀಸ್ ಮೈನರ್, ಪಕ್ಕೆಲುಬಿನ ಕಡೆಯ ಮೈಯಿಂದ ಸಬ್‌ಸ್ಕ್ಯಾಪ್ಯುಲಾರಿಸ್. ಒಟ್ಟಾಗಿ ಇವನ್ನು ರೊಟೇಟರ್ ಕಫ್ ಅನ್ನುತ್ತಾರೆ. ಕೊನೆಯದು ಗುಂಡನ್ನು ಒಳಕ್ಕೆ ತಿರುಗಿಸುತ್ತದೆ, ನಡುವಿನ ಎರಡು ಹೊರಕ್ಕೆ, ಮೊದಲನೆಯದು ಕೈಯನ್ನು ಪಕ್ಕಕ್ಕೆ ಎತ್ತಲು ಚಾಲನೆ ಕೊಡುತ್ತದೆ.

ಭುಜಕ್ಕೆ ದುಂಡನೆಯ ಆಕಾರ ಕೊಡುವ ಡೆಲ್ಟಾಯ್ಡ್ ದೊಡ್ಡ ಖಂಡ, ಬಲವೂ ಹೆಚ್ಚು. ಆದರೆ ಕೈ ಕೆಳಗಿರುವಾಗ ಅದು ಒಬ್ಬಂಟಿಯಾಗಿ ಎಳೆದರೆ ಗುಂಡು ನೇರ ಮೇಲಕ್ಕೆ ಹೋಗಿ ಅಕ್ರೋಮಿಯನ್‌ಗೆ ಬಡಿಯುತ್ತದೆ. ಕಫ್ ಖಂಡಗಳು ಅದೇ ಹೊತ್ತಿಗೆ ಗುಂಡನ್ನು ಒಳಕ್ಕೂ ಕೆಳಕ್ಕೂ ಎಳೆದು ಹಿಡಿಯುವುದರಿಂದ ಕೈ ಸಲೀಸಾಗಿ ಏಳುತ್ತದೆ. ಜಿಮ್ಮಿನಲ್ಲಿ ಡೆಲ್ಟಾಯ್ಡ್ ಮಾತ್ರ ಉಬ್ಬಿಸಿ ಕಫ್ ಮರೆತವರಿಗೆ ಭುಜ ನೋಯುವುದರಲ್ಲಿ ಆಶ್ಚರ್ಯವಿಲ್ಲ.

ಲೆಕ್ಕವನ್ನೂ ನೋಡಿ. 60 ಕೆ.ಜಿ. ತೂಗುವವರ ಒಂದು ಕೈಯ ತೂಕವೇ ಸುಮಾರು 3 ಕೆ.ಜಿ. ಚಾಚಿದ ಕೈಯ ತೂಕದ ಕೇಂದ್ರ ಭುಜದಿಂದ ಸುಮಾರು 30 ಸೆಂ.ಮೀ. ದೂರ, ಎತ್ತುವ ಖಂಡದ ಎಳೆತ ಕೀಲಿನ ನಡುವಿನಿಂದ ಸುಮಾರು 3 ಸೆಂ.ಮೀ. ದೂರದಲ್ಲಿ ಹಾಯುತ್ತದೆ. ಅಂದರೆ ಬರಿಗೈ ಚಾಚಿ ಹಿಡಿಯಲು ಖಂಡ ಕೈಯ ತೂಕದ ಹತ್ತು ಪಟ್ಟು, ಸರಿಸುಮಾರು 30 ಕೆ.ಜಿ.ಯಷ್ಟು ಎಳೆಯಬೇಕು. ಕೈಯಲ್ಲಿ 2 ಕೆ.ಜಿ. ಇಸ್ತ್ರಿಪೆಟ್ಟಿಗೆ ಇದ್ದರೆ ಅದು ಇನ್ನೂ ದೂರದಲ್ಲಿರುವುದರಿಂದ ಎಳೆತ ಸುಮಾರು ಎರಡು ಪಟ್ಟಾಗುತ್ತದೆ. ಇಸ್ತ್ರಿ ಮೇಜನ್ನು ಮೊಣಕೈಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಳಿಸುವುದು, ಹೊಲಿಗೆ ಯಂತ್ರವನ್ನು ಮೈಗೆ ಹತ್ತಿರ ಎಳೆದುಕೊಳ್ಳುವುದು ಯಾವ ಮುಲಾಮಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೈ ಎತ್ತಿದಾಗ ಬೆನ್ನೂ ಎದ್ದಿರುತ್ತದೆ

ಕೈ ಪಕ್ಕದಿಂದ ಕಿವಿಯವರೆಗೆ 180 ಡಿಗ್ರಿ ಏಳುತ್ತದೆ. ಇದರಲ್ಲಿ ಗುಂಡು-ಬಟ್ಟಲಿನ ಕೀಲಿನ ಪಾಲು ಸುಮಾರು 120. ಉಳಿದ 60 ಡಿಗ್ರಿ ರೆಕ್ಕೆ ಎಲುಬು ಪಕ್ಕೆಲುಬುಗಳ ಮೇಲೆ ತಿರುಗುವುದರಿಂದ ಸಿಗುತ್ತದೆ. ಅದನ್ನು ತಿರುಗಿಸುವವು ಟ್ರೆಪೀಜಿಯಸ್ ಮತ್ತು ಪಕ್ಕೆಗೆ ಅಂಟಿದ ಸೆರೇಟಸ್ ಆಂಟೀರಿಯರ್.

ಇನ್ನೊಂದು ಗುಟ್ಟು ಇದೆ. ಹೆಬ್ಬೆರಳು ನೆಲ ನೋಡುವಂತೆ ತೋಳನ್ನೇ ಒಳಕ್ಕೆ ತಿರುಗಿಸಿಕೊಂಡು ಕೈಯನ್ನು ಪಕ್ಕಕ್ಕೆ ಎತ್ತಿ. ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ತಡೆದಂತಾಗುತ್ತದೆ. ಈಗ ಅಂಗೈ ಮೇಲ್ಮುಖ ಮಾಡಿ. ಕೈ ಸಲೀಸಾಗಿ ಮೇಲೆ ಹೋಗುತ್ತದೆ. ಗುಂಡಿನ ಹೊರಬದಿಯಲ್ಲಿ ಒಂದು ದಪ್ಪ ಗಂಟಿದೆ, ಕಫ್‌ನ ಮೂರು ರಜ್ಜುಗಳು ಅದಕ್ಕೇ ಅಂಟಿವೆ. ತೋಳು ಹೊರಕ್ಕೆ ತಿರುಗಿದರೆ ಆ ಗಂಟು ಅಕ್ರೋಮಿಯನ್ ಅಡಿಯಿಂದ ಹಿಂದಕ್ಕೆ ಸರಿದು ದಾರಿ ಬಿಡುತ್ತದೆ, ಇಲ್ಲದಿದ್ದರೆ ಗುದ್ದುತ್ತದೆ. ಅಕ್ರೋಮಿಯನ್‌ಗೂ ಗುಂಡಿಗೂ ನಡುವಿನ ಸಂದು ಸುಮಾರು 1 ಸೆಂ.ಮೀ. ಮಾತ್ರ. ಸುಪ್ರಾಸ್ಪೈನೇಟಸ್ ರಜ್ಜುವೂ ಅದರ ಮೇಲಿನ ಬರ್ಸಾ ಎಂಬ ಜಾರುಚೀಲವೂ ಅಷ್ಟರಲ್ಲೇ ಹೊಂದಿಕೊಳ್ಳಬೇಕು.

ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಒಟ್ಟುವಾಗ ಮೇಲಿನ ಸಾಲುಗಳಿಗೆ ಕೈ ತಲೆಯ ಮಟ್ಟ ದಾಟುತ್ತದೆ. ಸುಣ್ಣಬಣ್ಣ ಬಳಿಯುವವರದೂ ಅದೇ ಕಥೆ. ದಿನವೂ ನೂರಾರು ಸಲ ಹೀಗಾದರೆ ಆ ಸಂದಿನಲ್ಲಿ ರಜ್ಜು ಉಜ್ಜಿ ಬಾತುಕೊಳ್ಳುತ್ತದೆ, ಬಾತಷ್ಟೂ ಸಂದು ಇಕ್ಕಟ್ಟಾಗುತ್ತದೆ. ಗುರುತು ಸ್ಪಷ್ಟ: ಕೈ ಪಕ್ಕಕ್ಕೆ ಏಳುವಾಗ ಮೊದಲ 60 ಡಿಗ್ರಿ ನೋವಿಲ್ಲ, 60ರಿಂದ 120ರವರೆಗೆ ಚುಚ್ಚುತ್ತದೆ, ದಾಟಿದ ಮೇಲೆ ಮತ್ತೆ ಹಗುರ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ನೋವು ಕಾಣುವುದು ಭುಜದ ನೆತ್ತಿಯಲ್ಲಲ್ಲ, ರಟ್ಟೆಯ ಹೊರಬದಿಯಲ್ಲಿ. ಜನ ಅಲ್ಲೇ ಎಣ್ಣೆ ತಿಕ್ಕುತ್ತಾರೆ, ರೋಗ ನಾಲ್ಕು ಬೆರಳು ಮೇಲಿರುತ್ತದೆ.

"ರಟ್ಟಿ ಎತ್ತಾಕ ಬರವಲ್ದು"

ಈ ಮಾತಿನ ಹಿಂದೆ ಎರಡು ಬೇರೆ ರೋಗಗಳಿರಬಹುದು, ಚಿಕಿತ್ಸೆಯೂ ಬೇರೆ. ಮನೆಯವರೊಬ್ಬರು ನಿಧಾನವಾಗಿ ಆ ಕೈಯನ್ನು ಎತ್ತಿ ನೋಡಲಿ. ತಾನಾಗಿ ಏಳದ ಕೈ ಬೇರೆಯವರು ಎತ್ತಿದಾಗ ಏಳುತ್ತದೆ, ಬಿಟ್ಟರೆ ಬೀಳುತ್ತದೆ ಎಂದಾದರೆ ಕಫ್ ಹರಿದಿರಬಹುದು, ಇಲ್ಲವೇ ನರ ಸೋತಿರಬಹುದು. ಬೇರೆಯವರು ಎತ್ತಿದರೂ ಅಷ್ಟಕ್ಕೇ ನಿಂತರೆ ಕೀಲಿನ ಪೊರೆಯೇ ಬಿಗಿದಿದೆ. ಅದು ಫ್ರೋಜನ್ ಶೋಲ್ಡರ್.

ಫ್ರೋಜನ್ ಶೋಲ್ಡರ್ ಹೆಚ್ಚಾಗಿ 40ರಿಂದ 60ರ ವಯಸ್ಸಿನಲ್ಲಿ ಬರುತ್ತದೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಹಲವು ಪಟ್ಟು ಹೆಚ್ಚು. ಸಡಿಲವಾಗಿರಬೇಕಾದ ಪೊರೆ ದಪ್ಪವಾಗಿ ಕುಗ್ಗುತ್ತದೆ. ಮೊದಲು ಹೋಗುವುದು ಹೊರಕ್ಕೆ ತಿರುಗಿಸುವ ಶಕ್ತಿ. ಎರಡೂ ಮೊಣಕೈ ಪಕ್ಕೆಗೆ ಅಂಟಿಸಿ, 90 ಡಿಗ್ರಿ ಮಡಚಿ, ಮುಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ಸರಿಸಿ. ಒಂದು ಬದಿ ಸುಮ್ಮನೆ ನಿಂತುಬಿಟ್ಟರೆ ಸಂಶಯ ಪಡಿ, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ. ಎಷ್ಟೋ ಜನರಿಗೆ ಸಕ್ಕರೆ ಇದೆಯೆಂದು ಗೊತ್ತಾಗುವುದು ಹೀಗೆ ಭುಜ ಹಿಡಿದ ಮೇಲೆಯೇ. ಮೊದಲ ಕೆಲ ತಿಂಗಳು ನೋವು ಜಾಸ್ತಿ, ಆಮೇಲೆ ನೋವು ತಗ್ಗಿ ಬಿಗಿತ, ಕೊನೆಗೆ ನಿಧಾನವಾಗಿ ಬಿಡುತ್ತದೆ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು.

ನೋವಿನ ಹಂತದಲ್ಲಿ ಯಾರಿಂದಲೋ ಜಗ್ಗಿಸಿಕೊಂಡರೆ ಪೊರೆ ಇನ್ನಷ್ಟು ಕೆರಳುತ್ತದೆ. ಆಗ ಸಾಕಾಗುವುದು ಇಷ್ಟು: ಒಳ್ಳೆಯ ಕೈಯನ್ನು ಮೇಜಿಗೆ ಊರಿ ಬಾಗಿ ನಿಂತು, ನೋಯುವ ಕೈಯನ್ನು ಇಳಿಬಿಟ್ಟು ಸಣ್ಣ ಸುತ್ತು ತಿರುಗಿಸುವುದು, ದಿನಕ್ಕೆ ಮೂರು ನಾಲ್ಕು ಸಲ, ಒಂದೆರಡು ನಿಮಿಷ. ಬಿಗಿತದ ಹಂತದಲ್ಲಿ ಬೆರಳುಗಳಿಂದ ಗೋಡೆ ಹತ್ತುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಒಳ್ಳೆಯ ಕೈಯಿಂದ ಮೇಲೆಳೆಯುವುದು ಸೇರಿಸಬಹುದು. ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಮೊದಲ ಹಂತದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೆ ಸಕ್ಕರೆ ಇದ್ದವರಿಗೆ ಕೆಲ ದಿನ ಸಕ್ಕರೆ ಏರುತ್ತದೆಂದು ಮೊದಲೇ ತಿಳಿದಿರಬೇಕು.

ಭುಜ ಜಾರಿದಾಗ

ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ಗುಂಡು ಮುಂದಕ್ಕೆ ಜಾರುತ್ತದೆ, ಕಬಡ್ಡಿಯಲ್ಲಿ ಚಾಚಿದ ಕೈಯನ್ನು ಹಿಂದಕ್ಕೆ ತಿರುವಿದಾಗ ಆಗುವ ಹಾಗೆ. ಭುಜದ ದುಂಡು ಮಾಯವಾಗಿ ಮೂಲೆ ಏಳುತ್ತದೆ. ಗುಂಡಿನ ಕೆಳಗೇ ಆಕ್ಸಿಲರಿ ನರ ಎಲುಬನ್ನು ಸುತ್ತಿ ಹೋಗುತ್ತದೆ, ಕಂಕುಳಲ್ಲಿ ಕೈಯ ಮುಖ್ಯ ರಕ್ತನಾಳವಿದೆ. ಕಾಲು ಕೊಟ್ಟು ಜಗ್ಗಿ ಕೂಡಿಸಲು ಹೋದ ಉತ್ಸಾಹಿಗಳು ಇವನ್ನು ಹರಿದದ್ದುಂಟು, ಮೊದಲೇ ಬಿರುಕು ಬಿಟ್ಟ ಎಲುಬನ್ನು ಪೂರ್ತಿ ಮುರಿದದ್ದೂ ಉಂಟು. ಮಾಡಬೇಕಾದದ್ದು: ಕೈ ಯಾವ ಭಂಗಿಯಲ್ಲಿ ಕಡಿಮೆ ನೋಯುತ್ತದೋ ಹಾಗೇ ಟವೆಲಿನಲ್ಲಿ ಜೋಳಿಗೆ ಕಟ್ಟಿ, ಏನೂ ತಿನ್ನಿಸದೆ (ಮಂಪರು ಔಷಧಿ ಬೇಕಾಗಬಹುದು) ಆಸ್ಪತ್ರೆಗೆ ಒಯ್ಯಿರಿ. ಭುಜದ ಹೊರಬದಿಯ ಚರ್ಮ ಮುಟ್ಟಿದ್ದು ತಿಳಿಯದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅದು ಆಕ್ಸಿಲರಿ ನರದ ಸುದ್ದಿ. 20ರೊಳಗಿನವರಿಗೆ ಒಮ್ಮೆ ಜಾರಿದ ಭುಜ ಮತ್ತೆ ಜಾರುವ ಸಂಭವ ಬಹಳ. 40 ದಾಟಿದವರಲ್ಲಿ ಮತ್ತೆ ಜಾರುವುದಕ್ಕಿಂತ ಕಫ್ ಹರಿಯುವ ಭಯ ಹೆಚ್ಚು.

ಹಿಂದಕ್ಕೆ ಜಾರುವುದು ಅಪರೂಪ, ಆದರೆ ನಮ್ಮ ಹೊಲಗಳ ಮಟ್ಟಿಗೆ ಗೊತ್ತಿರಬೇಕಾದದ್ದು. ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿ ಕರೆಂಟ್ ಹೊಡೆದಾಗ ಅಥವಾ ಫಿಟ್ಸ್ ಬಂದಾಗ ಎಲ್ಲ ಖಂಡಗಳೂ ಒಮ್ಮೆಲೇ ಬಿಗಿಯುತ್ತವೆ, ಒಳಕ್ಕೆ ತಿರುಗಿಸುವ ಖಂಡಗಳು ಗೆಲ್ಲುತ್ತವೆ. ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಇದು ಸಹಜವೆಂಬಂತೆ ಕಂಡು ತಪ್ಪಿಹೋಗುವುದುಂಟು. ಶಾಕ್ ಹೊಡೆಸಿಕೊಂಡವರ ಕೈ ಹೊಟ್ಟೆಗೆ ಅಂಟಿದಂತೆ ನಿಂತು ಹೊರಕ್ಕೆ ತಿರುಗದಿದ್ದರೆ ಪಕ್ಕದಿಂದಲೂ ಎಕ್ಸ್‌ರೇ ತೆಗೆಯಲು ಕೇಳಿ.

ನರಗಳ ದಾರಿ

ಕೈಗೆ ಬರುವ ನರಗಳೆಲ್ಲ ಕುತ್ತಿಗೆಯ ಕೆಳಗಿನ ನಾಲ್ಕು ಮತ್ತು ಎದೆಯ ಮೊದಲ ನರಬೇರುಗಳಿಂದ ಹುಟ್ಟಿ, ಹೆಣೆದುಕೊಂಡು, ಕೊರಳೆಲುಬಿನ ಹಿಂದಿನಿಂದ ಕಂಕುಳಿಗೆ ಇಳಿಯುತ್ತವೆ. ಬೈಕಿನಿಂದ ಬಿದ್ದು ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆದರೆ ಈ ಹೆಣಿಗೆಯೇ ಕಿತ್ತುಬರಬಹುದು. ಕೈ ಜೋತುಬಿದ್ದು ಅಂಗೈ ಹಿಂದಕ್ಕೆ ತಿರುಗಿ ನಿಂತರೆ ಮೇಲಿನ ಎರಡು ಬೇರುಗಳಿಗೆ ಪೆಟ್ಟಾಗಿದೆ ಎಂದರ್ಥ. ಇದರ ಶಸ್ತ್ರಚಿಕಿತ್ಸೆಗೆ ಕಾಲಮಿತಿ ಇದೆ. ಆರು ತಿಂಗಳೊಳಗೆ ಪರಿಣತರ ಕೈ ಸೇರಿದರೆ ಫಲ ಹೆಚ್ಚು, ತಡವಾದಷ್ಟೂ ಖಂಡ ಸೊರಗುತ್ತದೆ.

ನಿಧಾನವಾಗಿ ಆಗುವ ಪೆಟ್ಟೂ ಇದೆ. ಎಣ್ಣೆ ಹೊಡೆಯುವ 16 ಲೀಟರ್ ಪಂಪು ತುಂಬಿದರೆ ಒಟ್ಟು 20 ಕೆ.ಜಿ. ಮುಟ್ಟುತ್ತದೆ. ತೆಳು ಪಟ್ಟಿ ಕೊರಳೆಲುಬಿನ ಮೇಲೆ ಗಂಟೆಗಟ್ಟಲೆ ಒತ್ತಿದರೆ ಕೆಳಗಿನ ನರಗಳು ಹಿಸುಕಿ ಕೈ ಜೋಮು ಹಿಡಿಯುತ್ತದೆ. ಪಕ್ಕೆಯ ಸೆರೇಟಸ್ ಖಂಡಕ್ಕೆ ಹೋಗುವ ಉದ್ದ ನರ ಸೋತರೆ, ಗೋಡೆಗೆ ಕೈ ಕೊಟ್ಟು ತಳ್ಳಿದಾಗ ರೆಕ್ಕೆ ಎಲುಬು ಹಿಂದಕ್ಕೆ ಎದ್ದು ನಿಲ್ಲುತ್ತದೆ. ನಾಲ್ಕು ಬೆರಳಗಲದ ಪಟ್ಟಿ, ಅದರಡಿ ಮಡಚಿದ ಟವೆಲ್, ಸೊಂಟಕ್ಕೊಂದು ಪಟ್ಟಿ, ಅರ್ಧ ಟ್ಯಾಂಕ್ ತುಂಬಿಸುವ ರೂಢಿ ಇವಿಷ್ಟರಿಂದ ಬಹುಪಾಲು ತಪ್ಪುತ್ತದೆ.

ಭುಜಕ್ಕೆ ಲಸಿಕೆ ಚುಚ್ಚುವ ಜಾಗವೂ ಇದೇ ನಕ್ಷೆಯಿಂದ ಬಂದದ್ದು. ಅಕ್ರೋಮಿಯನ್‌ನಿಂದ ಎರಡು ಮೂರು ಬೆರಳು ಕೆಳಗೆ, ಡೆಲ್ಟಾಯ್ಡ್ ದಪ್ಪಗಿರುವಲ್ಲಿ. ಅದಕ್ಕಿಂತ ಮೇಲಾದರೆ ಸೂಜಿ ಬರ್ಸಾಕ್ಕೆ ಹೋಗುತ್ತದೆ, ಬಹಳ ಕೆಳಗಾದರೆ ಆಕ್ಸಿಲರಿ ನರ ಹತ್ತಿರ.

ಜೋಮು ಯಾವ ಬೆರಳಿಗೆ ಎಂಬುದೇ ನರದ ವಿಳಾಸ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕಾದರೆ ಅಲ್ನರ್ ನರ, ಅದು ಮೊಣಕೈಯ ಒಳಗಂಟಿನ ಹಿಂದೆ ಚರ್ಮದಡಿಯಲ್ಲೇ ಓಡುತ್ತದೆ. ಅಲ್ಲಿ ತಾಗಿದಾಗ ಕರೆಂಟ್ ಹೊಡೆದಂತಾಗುವುದು ಅದಕ್ಕೇ. ಹೆಬ್ಬೆರಳು, ತೋರು, ನಡುಬೆರಳಿಗಾದರೆ ಮೀಡಿಯನ್ ನರ. ಮಣಿಕಟ್ಟಿನಲ್ಲಿ ಒಂಬತ್ತು ರಜ್ಜುಗಳ ಜೊತೆ ಒಂದೇ ಸುರಂಗದಲ್ಲಿ ತೂರಿ ಬರುತ್ತದೆ, ಬಾವು ಬಂದರೆ ಮೊದಲು ಹಿಸುಕುವುದು ಇದೇ. ನಡುರಾತ್ರಿ ಜೋಮಿಗೆ ಎಚ್ಚರವಾಗಿ ಕೈ ಕೊಡವಿಕೊಳ್ಳುವವರು, ದಿನವಿಡೀ ಕತ್ತರಿ ಹಿಡಿಯುವವರು, ಥೈರಾಯ್ಡ್ ಅಥವಾ ಸಕ್ಕರೆ ಇರುವವರು ಇದನ್ನು ನೋಡಿಸಿಕೊಳ್ಳಬೇಕು. ಮಣಿಕಟ್ಟು ನೇರ ಇರುವಂತೆ ರಾತ್ರಿ ಪಟ್ಟಿ ಕಟ್ಟಿ ಮಲಗುವುದು ಮೊದಲ ಚಿಕಿತ್ಸೆ. ಇನ್ನು ರೇಡಿಯಲ್ ನರ ತೋಳಿನ ಎಲುಬಿನ ಹಿಂಬದಿಗೆ ಒತ್ತಿಕೊಂಡೇ ಸುತ್ತುತ್ತದೆ. ಕುಡಿದು ಹೊರಸಿನ ಕಟ್ಟಿಗೆಗೆ ರಟ್ಟೆ ಕೊಟ್ಟು ಮಲಗಿದವರ ಮಣಿಕಟ್ಟು ಬೆಳಗ್ಗೆ ಮೇಲೇಳದು. ಬಹುತೇಕ ಕೆಲ ವಾರ, ತಿಂಗಳುಗಳಲ್ಲಿ ಸರಿಯಾಗುತ್ತದೆ.

ಮೊಣಕೈ: ಮಕ್ಕಳ ವಿಷಯ

ಮೊಣಕೈಯ ಹಿಂದೆ ಮೂರು ಗಂಟುಗಳಿವೆ, ಎರಡು ಪಕ್ಕದಲ್ಲಿ, ಒಂದು ತುದಿಯಲ್ಲಿ. ಕೈ ನೇರ ಇದ್ದಾಗ ಮೂರೂ ಒಂದೇ ಗೆರೆ, ಮಡಚಿದಾಗ ಮುಕ್ಕೋನ. ಕೀಲು ಜಾರಿದರೆ ಈ ಮುಕ್ಕೋನ ಕೆಡುತ್ತದೆ. ಗಿಡದಿಂದ ಬಿದ್ದ ಐದಾರು ವರ್ಷದ ಮಕ್ಕಳಲ್ಲಿ ಎಲುಬು ಮುರಿಯುವುದು ಅದರ ಸ್ವಲ್ಪ ಮೇಲೆ, ಹಾಗಾಗಿ ಮುಕ್ಕೋನ ಸರಿಯಿದ್ದೂ ಮೊಣಕೈ ಊದಿರುತ್ತದೆ.

ಈ ಮುರಿತದಲ್ಲಿ ಬಿದಿರುಪಟ್ಟಿ ಇಟ್ಟು ಬಿಗಿಯಾಗಿ ಕಟ್ಟುವುದರಷ್ಟು ಕೆಡುಕು ಇನ್ನೊಂದಿಲ್ಲ. ಮುರಿದ ತುದಿಯ ಮುಂದೆಯೇ ಕೈಯ ಮುಖ್ಯ ರಕ್ತನಾಳವಿದೆ. ಊತ ಏರುತ್ತಿದ್ದಂತೆ ಹೊರಗಿನ ಕಟ್ಟು ಬಿಡುವುದಿಲ್ಲ, ಒಳಗೆ ಮುಂಗೈ ಖಂಡಗಳಿಗೆ ರಕ್ತ ನಿಲ್ಲುತ್ತದೆ. ಸುಮಾರು 6 ಗಂಟೆ ಹೀಗಿದ್ದರೆ ಖಂಡ ಸಾಯುತ್ತದೆ, ಆಮೇಲೆ ಬೆರಳುಗಳು ಜನ್ಮಪೂರ್ತಿ ಮಡಚಿಕೊಂಡೇ ಉಳಿಯುತ್ತವೆ. ಕಟ್ಟು ನಾಟಿ ವೈದ್ಯರದಾಗಲಿ ಆಸ್ಪತ್ರೆಯ ಪ್ಲಾಸ್ಟರ್ ಆಗಲಿ, ಮಗು ನಿಲ್ಲದೆ ಅಳುತ್ತಿದ್ದರೆ ಬೆರಳುಗಳನ್ನು ನಿಧಾನವಾಗಿ ನೀವೇ ಬಿಡಿಸಿ ನೋಡಿ. ಚೀರಿದರೆ ಅದೇ ಮೊದಲ ಸುಳಿವು. ಬೆರಳು ಬಿಳಿಚುವುದು, ತಣ್ಣಗಾಗುವುದು, ಜೋಮು ಹಿಡಿಯುವುದು ಆಮೇಲೆ ಬರುತ್ತವೆ. ಬೆಳಗಾಗಲಿ ಅನ್ನಬೇಡಿ, ರಾತ್ರಿಯೇ ಕಟ್ಟು ಬಿಚ್ಚಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ.

ನಾಲ್ಕು ವರ್ಷದೊಳಗಿನ ಮಗುವಿನ ಮುಂಗೈ ಹಿಡಿದು ಎತ್ತಿದಾಗ ಅದು ಕೈ ಅಲ್ಲಾಡಿಸದೆ ಜೋತುಬಿಟ್ಟರೆ ಮುಂಗೈಯ ಹೊರ ಎಲುಬಿನ ತಲೆ ತನ್ನನ್ನು ಸುತ್ತಿ ಹಿಡಿದ ಬಳೆಯಂಥ ಪಟ್ಟಿಯಿಂದ ಜಾರಿದೆ. ವೈದ್ಯರಿಗೆ ಅರ್ಧ ನಿಮಿಷದ ಕೆಲಸ. ಮಕ್ಕಳನ್ನು ಎತ್ತುವುದಿದ್ದರೆ ಕಂಕುಳಿಗೆ ಕೈ ಕೊಟ್ಟು ಎತ್ತಿ.

ಮುಂಗೈ, ಮಣಿಕಟ್ಟು

ಬೆರಳುಗಳಲ್ಲಿ ಮಾಂಸಖಂಡವೇ ಇಲ್ಲ. ಮಡಚುವ, ಬಿಡಿಸುವ ಮುಖ್ಯ ಬಲವೆಲ್ಲ ಮುಂಗೈಯಿಂದ ರಜ್ಜುಗಳ ಮೂಲಕ ಬರುತ್ತದೆ. ಜೋಳದ ರೊಟ್ಟಿ ಬಡಿಯುವಾಗ, ದಪ್ಪ ಬಟ್ಟೆ ಹಿಂಡುವಾಗ ಮಣಿಕಟ್ಟನ್ನು ಹಿಂದಕ್ಕೆ ಹಿಡಿಯುವ ಖಂಡಗಳು ದುಡಿಯುತ್ತವೆ, ಅವು ಹುಟ್ಟುವ ಮೊಣಕೈಯ ಹೊರಗಂಟು ನೋಯತೊಡಗುತ್ತದೆ. ತುಂಬಿದ ತಂಬಿಗೆಯನ್ನು ಅಂಗೈ ಕೆಳಮುಖವಾಗಿ ಎತ್ತಿದರೆ ನೋವು, ಮೇಲ್ಮುಖವಾಗಿ ಎತ್ತಿದರೆ ಕಡಿಮೆ ಎಂದರೆ ಇದೇ. ಖಾನಾವಳಿಯಲ್ಲಿ ದಿನವಿಡೀ ರೊಟ್ಟಿ ಬಡಿಯುವವರು ನಡುನಡುವೆ ಬೇಯಿಸುವ ಕೆಲಸಕ್ಕೆ ಬದಲಾಗುವುದು ಒಳ್ಳೆಯದು.

ಅಂಗೈ ಊರಿ ಬಿದ್ದ ಮೇಲೆ ಹೆಬ್ಬೆರಳಿನ ಬುಡದ ತಗ್ಗಿನಲ್ಲಿ ಒತ್ತಿದರೆ ನೋಯುತ್ತದೆಯೇ ನೋಡಿ. ಅಲ್ಲಿರುವ ಸ್ಕೇಫಾಯ್ಡ್ ಎಂಬ ಸಣ್ಣ ಎಲುಬಿಗೆ ರಕ್ತ ಬೆರಳ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ, ನಡುವೆ ಮುರಿದರೆ ಹಿಂದಿನ ಅರ್ಧ ಸಾಯಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಪಟ್ಟಿ ಹಾಕಿಸಿಕೊಂಡು 10ರಿಂದ 14 ದಿನದ ಮೇಲೆ ಮತ್ತೆ ತೆಗೆಸಬೇಕು.

ಭುಜದ್ದಲ್ಲದ ಭುಜನೋವು

ಕೈ ಹೇಗೆ ತಿರುಗಿಸಿದರೂ ನೋವು ಹೆಚ್ಚುಕಡಿಮೆ ಆಗದಿದ್ದರೆ ಭುಜವನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು. ಕುತ್ತಿಗೆಯ ನರಬೇರು ಒತ್ತಿಕೊಂಡಿದ್ದರೆ ನೋವು ಮೊಣಕೈ ದಾಟಿ ಬೆರಳಿಗಿಳಿಯುತ್ತದೆ, ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಹಗುರವಾಗುವುದುಂಟು. ಊಟವಾದ ಮೇಲೆ ಬಲ ಭುಜದ ನೆತ್ತಿ ಮತ್ತು ಬಲ ಪಕ್ಕೆಯಡಿ ಒಟ್ಟಿಗೇ ನೋಯುವುದು ಪಿತ್ತಕೋಶದಿಂದ. ಪಿತ್ತಕೋಶದ ಮೇಲ್ಗಡೆ, ಎದೆಗೂ ಹೊಟ್ಟೆಗೂ ನಡುವೆ ಹಾಸಿರುವ ವಪೆಯ ನರವೂ ಭುಜದ ನೆತ್ತಿಯ ಚರ್ಮದ ನರವೂ ಕುತ್ತಿಗೆಯ ಅದೇ ಮಟ್ಟದಿಂದ ಹೊರಡುವುದರಿಂದ ಮೆದುಳಿಗೆ ಗುರುತು ತಪ್ಪುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ಬಂದು ನಿಂತರೆ ಹೋಗುವ ಭುಜನೋವು, ಎಡದ್ದಿರಲಿ ಬಲದ್ದಿರಲಿ, ಬೆವರು ಅಥವಾ ಎದೆ ಬಿಗಿತದ ಜೊತೆ ಬರುವ ರಟ್ಟೆನೋವು ಹೃದಯದ್ದು. ಇಂಥವರನ್ನು ಮೊದಲು ಇಸಿಜಿಗೆ ಕರೆದೊಯ್ಯಬೇಕು. ಸಕ್ಕರೆ ಇದ್ದವರಿಗೆ ಎದೆನೋವು ಕಾಣಿಸದೆ ಬರೀ ಕೈಸೋಲು, ಬೆವರು ಮಾತ್ರ ಇರಬಹುದು.